ಬೇಟೆ ಕಲಿಸಿದ ಅಪ್ಪ

ಕೌಬಾಯ್ ಸಿನಿಮಾ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕುದುರೆ, ಧೂಳು, ಅಗಲ ಅಂಚಿನ ಟೋಪಿ, ಮಾತಿಗೆ ಮುಂಚೆ ಗುಂಡು. ಇದರಲ್ಲಿ ಹೆಂಗಸರಿಗೇನು ಕೆಲಸ ಎಂದು ಬದಿಗೆ ಸರಿಸಿದವಳು ನಾನು. ನಮ್ಮ ಮನೆಯವರಿಗೆ ಮಾತ್ರ ಅದೊಂದು ಹುಚ್ಚು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಕ್ಲಾಸು ತಪ್ಪಿಸಿ ಪ್ಲಾಜಾ, ರೆಕ್ಸ್ ಟಾಕೀಸುಗಳಲ್ಲಿ ಇಂಥ ಚಿತ್ರಗಳನ್ನು ನೋಡಿದವರು. ಆ ಎರಡು ಟಾಕೀಸುಗಳೂ ಈಗಿಲ್ಲ. ಇವರ ಹುಚ್ಚು ಮಾತ್ರ ಹಾಗೇ ಇದೆ.

ಹೋದ ವರ್ಷದ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮಗ ತನ್ನ ಕಂಪ್ಯೂಟರಿನಿಂದ ಟಿ.ವಿ.ಗೆ ಒಂದು ತಂತಿ ಸಿಕ್ಕಿಸಿ, “ಅಪ್ಪಾ, ನಿಮ್ಮ ಕಾಲದ್ದು” ಎಂದು ಒಂದು ಚಿತ್ರ ಹಚ್ಚಿದ. ಕಪ್ಪು ಬಿಳುಪು. ಹೆಸರು ‘ವಿಂಚೆಸ್ಟರ್ 73’. ನಾನು ಹತ್ತನೆಯ ತರಗತಿಯ ಕನ್ನಡ ಉತ್ತರ ಪತ್ರಿಕೆಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಒಂದು ಕಣ್ಣು ಸಂಧಿ ಸಮಾಸದ ಮೇಲೆ, ಇನ್ನೊಂದು ತೆರೆಯ ಮೇಲೆ. ಹತ್ತು ಹನ್ನೆರಡು ನಿಮಿಷ ಕಳೆದಿರಬೇಕು, ನನ್ನ ಕೆಂಪು ಪೆನ್ನು ನಿಂತುಹೋಯಿತು.

ಆ ದೃಶ್ಯವನ್ನು ಹೇಳುತ್ತೇನೆ. ಡಾಜ್ ಸಿಟಿ ಎಂಬ ಊರು. 1876ನೇ ಇಸವಿ, ಅಮೆರಿಕದವರ ಸ್ವಾತಂತ್ರ್ಯಕ್ಕೆ ನೂರು ವರ್ಷ ತುಂಬಿದ ಜುಲೈ 4ರ ಹಬ್ಬ. ಊರಿಗೆ ಬರುವವರೆಲ್ಲ ತಮ್ಮ ಆಯುಧಗಳನ್ನು ಪೊಲೀಸು ಅಧಿಕಾರಿಗೆ ಒಪ್ಪಿಸಿ ಒಳಗೆ ಬರಬೇಕು. ಕಥಾನಾಯಕ ಲಿನ್ ಮೆಕ್‌ಆಡಂ ಹಾಗೆ ಒಪ್ಪಿಸಿ ಹೆಂಡದಂಗಡಿಗೆ ಕಾಲಿಡುತ್ತಾನೆ. ಅಲ್ಲಿ ಡಚ್ ಹೆನ್ರಿ ಬ್ರೌನ್ ಎಂಬವನು ಕೂತಿದ್ದಾನೆ. ಇಬ್ಬರ ಕಣ್ಣೂ ಕೂಡಿದ್ದೇ ತಡ, ಇಬ್ಬರೂ ಒಂದೇ ಕ್ಷಣದಲ್ಲಿ, ಒಂದೇ ರೀತಿಯಲ್ಲಿ ಮೈ ಬಗ್ಗಿಸಿ ಸೊಂಟಕ್ಕೆ ಕೈ ಹಾಕುತ್ತಾರೆ. ಸೊಂಟದಲ್ಲಿ ಏನೂ ಇಲ್ಲ. ಬರಿಗೈ. ಮುಖದಲ್ಲಿ ಮಾತ್ರ ಕೊಲೆ ಆಗಿಹೋಗಿದೆ.

ಆಯುಧವಿಲ್ಲದ ಹಗೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಪೆನ್ನು ನಿಂತದ್ದು.

ಚಿತ್ರ 1950ರದು. ನಿರ್ದೇಶಕ ಆಂಥೊನಿ ಮ್ಯಾನ್, ಲಿನ್ ಪಾತ್ರದಲ್ಲಿ ಜೇಮ್ಸ್ ಸ್ಟುವರ್ಟ್. ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ಕಥೆಯ ನೆಪ ಒಂದು ಬಂದೂಕು. ವಿಂಚೆಸ್ಟರ್ ಕಂಪನಿಯವರು 1873ರ ಮಾದರಿಯ ತಮ್ಮ ಬಂದೂಕುಗಳಲ್ಲಿ ಪರೀಕ್ಷೆಯ ಹೊತ್ತಿಗೆ ಅಸಾಧಾರಣವಾದ ಗುರಿ ತೋರಿದ ಕೆಲವನ್ನು ಬೇರೆ ತೆಗೆದು, ವಿಶೇಷವಾಗಿ ಅಂದಗೊಳಿಸಿ, ‘ಸಾವಿರದಲ್ಲಿ ಒಂದು’ ಎಂದು ಹೆಸರಿಟ್ಟು ಮಾರುತ್ತಿದ್ದುದು ನಿಜ ಸಂಗತಿ. ಆ ಮಾದರಿಯಲ್ಲಿ ಅಂಥವು ತಯಾರಾದದ್ದು ಸುಮಾರು 130 ಮಾತ್ರ. ಡಾಜ್ ಸಿಟಿಯ ಹಬ್ಬದಲ್ಲಿ ಗುರಿ ಹೊಡೆಯುವ ಸ್ಪರ್ಧೆಗೆ ಅಂಥದೊಂದು ಬಂದೂಕು ಬಹುಮಾನ. ಲಿನ್ ಗೆಲ್ಲುತ್ತಾನೆ. ಗೆದ್ದ ಬಂದೂಕಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲೂ ಅವನಿಗೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಡಚ್ ಹೆನ್ರಿ ಅವನನ್ನು ಕೋಣೆಯಲ್ಲಿ ಕೆಡವಿ ಹೊಡೆದು ಬಂದೂಕು ಕಿತ್ತುಕೊಂಡು ಓಡುತ್ತಾನೆ.

ಅಲ್ಲಿಂದ ಮುಂದೆ ಬಂದೂಕು ಕೈಯಿಂದ ಕೈಗೆ ಹೋಗುತ್ತದೆ. ಡಚ್ ಇಸ್ಪೀಟಿನಲ್ಲಿ ಅದನ್ನು ಒಬ್ಬ ವ್ಯಾಪಾರಿಗೆ ಸೋಲುತ್ತಾನೆ. ಮೂಲನಿವಾಸಿಗಳಿಗೆ ಕಳ್ಳತನದಲ್ಲಿ ಬಂದೂಕು ಮಾರುವ ಆ ವ್ಯಾಪಾರಿಯನ್ನು ಕೊಂದು ಯಂಗ್ ಬುಲ್ ಎಂಬ ಮುಖಂಡ ಪಡೆಯುತ್ತಾನೆ. ಸೈನ್ಯದ ಮೇಲಿನ ದಾಳಿಯಲ್ಲಿ ಯಂಗ್ ಬುಲ್ ಸತ್ತು ಅದು ಸ್ಟೀವ್ ಎಂಬ ಪುಕ್ಕಲನಿಗೆ ಸಿಗುತ್ತದೆ. ಸ್ಟೀವ್‌ನನ್ನು ಕೊಂದು ವೇಕೊ ಜಾನಿ ಡೀನ್ ಎಂಬ ದರೋಡೆಕೋರ, ವೇಕೊನಿಂದ ಮತ್ತೆ ಡಚ್ ಹೆನ್ರಿ. ಇಟ್ಟುಕೊಂಡ ಒಬ್ಬನಾದರೂ ಅದನ್ನು ಹೆಚ್ಚು ದಿನ ಅನುಭವಿಸುವುದಿಲ್ಲ. ನಮ್ಮ ಕಡೆ ಹಳೆಯ ಹೆಂಗಸರು ಕೆಲವು ಒಡವೆಗಳ ಬಗ್ಗೆ ಹೇಳುತ್ತಾರಲ್ಲ, ಇಟ್ಟುಕೊಂಡವರಿಗೆ ಆಗಿಬರುವುದಿಲ್ಲ ಎಂದು, ಹಾಗೆ.

ಲಿನ್‌ಗೆ ಬಂದೂಕು ಸಿಗುವುದೋ ಇಲ್ಲವೋ ಎಂದು ನಾವು ಕಾಯುತ್ತ ಕೂತಿರುತ್ತೇವೆ. ಆದರೆ ಅವನು ಬಂದೂಕಿನ ಹಿಂದೆ ಬಿದ್ದವನಲ್ಲ. ಅವನು ಡಾಜ್ ಸಿಟಿಗೆ ಬಂದದ್ದೇ ಡಚ್ ಹೆನ್ರಿಯನ್ನು ಹುಡುಕಿಕೊಂಡು. ಅವನ ತಂದೆಯನ್ನು ಡಚ್ ಬೆನ್ನಿಗೆ ಗುಂಡಿಕ್ಕಿ ಕೊಂದಿದ್ದಾನೆ. ಕೊಂದವನನ್ನು ಕೊಲ್ಲುವುದೊಂದೇ ಲಿನ್ನನ ಕೆಲಸ.

ಇಂಥ ಸೇಡಿನ ಕಥೆಗಳು ಯಾಕೆ ಇಷ್ಟು ಹಿಡಿಸುತ್ತವೆ? ಗಂಡಸರ ವಿಷಯ ನನಗೆ ಗೊತ್ತಿಲ್ಲ. ನನ್ನ ವಿಷಯ ಹೇಳಬಲ್ಲೆ, ನಿಮ್ಮಲ್ಲಿ ಕೆಲವರಾದರೂ ಹೌದೆನ್ನುತ್ತೀರಿ ಎಂದು ನಂಬಿಕೆ. ಹೆಣ್ಣುಮಕ್ಕಳಿಗೆ ಬುದ್ಧಿ ಬಂದಾಗಿನಿಂದ ಹೇಳಿಕೊಡುವ ಪಾಠ ಒಂದೇ: “ಹೋಗಲಿ ಬಿಡಮ್ಮ.” ಅತ್ತೆ ಅಂದದ್ದಕ್ಕೆ ಬಿಡು, ನಾದಿನಿ ಆಡಿದ್ದಕ್ಕೆ ಬಿಡು, ಪಾಲಿಗೆ ಬಾರದ್ದಕ್ಕೆ ಬಿಡು. ಬಿಟ್ಟೂ ಬಿಟ್ಟೂ ನಮ್ಮ ಕೈಯಲ್ಲಿ ಉಳಿಯುವುದೇನು ಎಂದು ಕೇಳುವವರಿಲ್ಲ. ಅಂಥ ನಮ್ಮೆದುರು ಒಬ್ಬ ಮನುಷ್ಯ ಬಂದು, ಅನ್ಯಾಯವಾದದ್ದನ್ನು ಬಿಡುವುದಿಲ್ಲ ಎಂದು ಕುದುರೆ ಹತ್ತಿದರೆ ಎದೆಯೊಳಗೆ ಏನೋ ಸಡಿಲವಾದ ಹಾಗಾಗುತ್ತದೆ.

ಇನ್ನೊಂದು ಸಂಗತಿಯೂ ಇದೆ. ಲಿನ್ನನ ಬದುಕು ಎಷ್ಟು ಸರಳ ನೋಡಿ. ಅವನಿಗೆ ಮನೆಯಿಲ್ಲ, ಹಾಲಿನವನ ಲೆಕ್ಕವಿಲ್ಲ, ಬೆಳಗಿನ ತಿಂಡಿ ಏನು ಎಂಬ ಯೋಚನೆಯಿಲ್ಲ. ಹೋಗಬೇಕಾದ ದಾರಿ ಒಂದು, ಮಾಡಬೇಕಾದ ಕೆಲಸ ಒಂದು. ನಮಗಾದರೋ ಸಿಟ್ಟು ಮಾಡಿಕೊಳ್ಳಲೂ ಬಿಡುವು ಬೇಕು. ಕುಕ್ಕರು ಕೂಗಿದರೆ ಸಿಟ್ಟನ್ನು ಅರ್ಧಕ್ಕೇ ನಿಲ್ಲಿಸಿ ಏಳಬೇಕು. ಹೀಗೆ ನಿಂತ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ಹುಳಿ ಬಂದ ಹಿಟ್ಟಿನಂತೆ ಮುಚ್ಚಳದ ಕೆಳಗೆ ಉಬ್ಬುತ್ತಿರುತ್ತದೆ. ಸೇಡಿನ ಚಿತ್ರ ಆ ಮುಚ್ಚಳವನ್ನು ಒಂದೂವರೆ ಗಂಟೆ ತೆಗೆದಿಡುತ್ತದೆ.

ಸೇಡಿನ ಕಥೆ ನಮಗೆ ಹೊಸದೇನಲ್ಲ. 1975ರಲ್ಲಿ ಬಂದ ‘ಶೋಲೆ’ಯನ್ನು ನೋಡದವರು ಯಾರು? ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಆ ಚಿತ್ರ ಇಂಥ ಅಮೆರಿಕದ ಚಿತ್ರಗಳ ದಾಯಾದಿಯೇ. ಅಲ್ಲಿ ಠಾಕೂರ ಗಬ್ಬರನನ್ನು ಕೊಂದೇ ಬಿಡುವ ಕೊನೆಯನ್ನು ಮೊದಲು ಚಿತ್ರಿಸಿದ್ದರು. ಸೆನ್ಸಾರಿನವರು ಒಪ್ಪದೆ ಪೊಲೀಸರು ಬಂದು ಹಿಡಿಯುವ ಹಾಗೆ ಬದಲಾಯಿಸಿದರು. ಆದರೆ ಗಬ್ಬರನನ್ನು ದ್ವೇಷಿಸುವುದು ಸುಲಭ. ಅವನು ಹೊರಗಿನವನು, ಕೇಡಿಗ, ಅವನಿಗೆ ನಮ್ಮ ಮನೆಯ ಮೂಗೂ ಇಲ್ಲ, ಕಣ್ಣೂ ಇಲ್ಲ. ‘ವಿಂಚೆಸ್ಟರ್ 73’ ಇಷ್ಟು ಸುಲಭಕ್ಕೆ ನಮ್ಮನ್ನು ಬಿಡುವುದಿಲ್ಲ. ಅದರ ಗುಟ್ಟನ್ನು ಕೊನೆಯ ಭಾಗದಲ್ಲಿ ಲಿನ್ನನ ಗೆಳೆಯ ಹೈ ಸ್ಪೇಡ್ ಬಾಯಿಬಿಟ್ಟು ಹೇಳುತ್ತಾನೆ. ನಾನೂ ಅಲ್ಲಿಯೇ ಹೇಳುತ್ತೇನೆ.

ಅದಕ್ಕೆ ಮೊದಲು ಈ ಚಿತ್ರದ ಹೆಂಗಸಿನ ಮಾತು. ಇಲ್ಲಿರುವ ಮುಖ್ಯ ಹೆಣ್ಣು ಒಬ್ಬಳೇ, ಲೋಲಾ. ಶೆಲ್ಲಿ ವಿಂಟರ್ಸ್ ಆ ಪಾತ್ರ ಮಾಡಿದ್ದಾರೆ. ಹೆಂಡದಂಗಡಿಯಲ್ಲಿ ಹಾಡಿ ಕುಣಿಯುವವಳು ಎಂದು ಹಬ್ಬದ ದಿನ ಊರ ಮಾನ ಉಳಿಸಲು ಅವಳನ್ನು ಗಾಡಿ ಹತ್ತಿಸಿ ಕಳಿಸುವುದರಿಂದಲೇ ಅವಳ ಕಥೆ ಆರಂಭ. ಅವಳೂ ಬಂದೂಕಿನ ಹಾಗೆಯೇ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತಾಳೆ. ವ್ಯತ್ಯಾಸ ಇಷ್ಟೇ, ಬಂದೂಕಿಗಾಗಿ ಜನ ಹೊಡೆದಾಡಿ ಸಾಯುತ್ತಾರೆ, ಇವಳಿಗಾಗಿ ಅಲ್ಲ. ಮದುವೆಯಾಗಬೇಕಾದ ಸ್ಟೀವ್‌ನೇ, ದಾಳಿ ಮಾಡುವವರು ಬಂದಾಗ ಅವಳನ್ನು ಗಾಡಿಯಲ್ಲಿ ಬಿಟ್ಟು ಕುದುರೆ ಓಡಿಸಿಕೊಂಡು ಹೋಗುತ್ತಾನೆ. ಸ್ವಲ್ಪ ದೂರ ಹೋಗಿ ಮರಳಿ ಬರುತ್ತಾನೆ, ನಿಜ. ಆದರೆ ಅವಳು ಆ ಬೆನ್ನನ್ನು ನೋಡಿಯಾಗಿದೆ. ಅವಳು ಜಗಳವಾಡುವುದಿಲ್ಲ, ಅಳುವುದಿಲ್ಲ. ಅವನನ್ನು ನೋಡುವ ರೀತಿ ಮಾತ್ರ ಬದಲಾಗುತ್ತದೆ. ಅನೇಕ ಸಂಸಾರಗಳಲ್ಲಿ ಇಂಥ ಒಂದು ದಿನ ಬಂದುಹೋಗಿರುತ್ತದೆ. ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಸೈನ್ಯದ ಬಿಡಾರದಲ್ಲಿ ರಾತ್ರಿ ಕಳೆದು ಬೆಳಿಗ್ಗೆ ದಾಳಿ ಆಗುವುದು ಖಂಡಿತ ಎನ್ನುವಾಗ ಲಿನ್ ತನ್ನ ಪಿಸ್ತೂಲನ್ನು ಅವಳಿಗೆ ಕೊಡುತ್ತಾನೆ. ಕೊನೆಯ ಗುಂಡು ಯಾರಿಗಾಗಿ ಎಂದು ಅವನು ಹೇಳುವುದಿಲ್ಲ, ಅವಳು ತಿಳಿದುಕೊಳ್ಳುತ್ತಾಳೆ. ಆ ಹತ್ತು ಮಾತುಗಳ ಸಂಭಾಷಣೆಯಲ್ಲಿ ಒಂದು ಪ್ರೇಮ ಹುಟ್ಟುತ್ತದೆ. ನಮ್ಮ ಚಿತ್ರಗಳಲ್ಲಿ ಇದಕ್ಕೆ ಒಂದು ಯುಗಳಗೀತೆಯನ್ನಾದರೂ ಇಟ್ಟಿರುತ್ತಿದ್ದರು.

ಇನ್ನೊಂದು ದೃಶ್ಯ ನನ್ನನ್ನು ಬಹಳ ಕಾಡಿತು. ಪೊಲೀಸರು ಬೆನ್ನಟ್ಟಿ ಬಂದಾಗ ವೇಕೊ ತನ್ನ ಗುಂಪಿನೊಂದಿಗೆ ಒಂದು ಮನೆಗೆ ನುಗ್ಗುತ್ತಾನೆ. ಅಲ್ಲಿ ಲೋಲಾ, ಸ್ಟೀವ್, ಆ ಮನೆಯ ತಾಯಿ, ಮಕ್ಕಳು ಇದ್ದಾರೆ. ಸ್ಟೀವ್‌ನನ್ನು ಕೆಣಕಿ ಕೊಲ್ಲಬೇಕು, ಬಂದೂಕು ತೆಗೆದುಕೊಳ್ಳಬೇಕು, ಇದು ವೇಕೊನ ಹಂಚಿಕೆ. ಅದಕ್ಕೆ ಅವನು ಮಾಡುವುದೇನು? ಸ್ಟೀವ್‌ಗೆ ಅಡುಗೆಯ ಏಪ್ರನ್ ಕಟ್ಟಿಸಿ, ಎಲ್ಲರಿಗೂ ಕಾಫಿ ಕೊಡು ಎನ್ನುತ್ತಾನೆ. ಆ ಅವಮಾನ ತಡೆಯಲಾರದೆ ಸ್ಟೀವ್ ಪಿಸ್ತೂಲಿಗೆ ಕೈ ಹಾಕುತ್ತಾನೆ, ಸಾಯುತ್ತಾನೆ. ಇಷ್ಟರವರೆಗೆ ಪುಕ್ಕಲನಾಗಿದ್ದವನು ಸಾಯಲು ಸಿದ್ಧನಾದದ್ದು ಕಾಫಿ ಕೊಟ್ಟ ಅವಮಾನಕ್ಕೆ! ನಾನು ದಿನಕ್ಕೆ ನಾಲ್ಕು ಸಲ ಕಾಫಿ ಕೊಡುತ್ತೇನೆ. ನಗು ಬಂತು, ನಗುವಿನ ಹಿಂದೆಯೇ ಬೇಸರವೂ ಬಂತು. ಗಂಡಸಿಗೆ ಪ್ರಾಣ ಕಳೆದುಕೊಳ್ಳುವಷ್ಟು ಅವಮಾನವಾದ ಉಡುಪು ನಮ್ಮ ನಿತ್ಯದ ಉಡುಪು. ನಿರ್ದೇಶಕರು ಹೀಗೆ ಯೋಚಿಸಿದ್ದರೋ ಇಲ್ಲವೋ. ಚಿತ್ರ ಮಾತ್ರ ತೋರಿಸಿಬಿಟ್ಟಿದೆ.

ತಪ್ಪುಗಳನ್ನೂ ಹೇಳಬೇಕು. ಆ ನೆಲದ ಮೂಲನಿವಾಸಿಗಳನ್ನು ಈ ಚಿತ್ರ ಕೂಗುತ್ತ ಬಂದು ಬೀಳುವ ಗುಂಪಾಗಿ ಮಾತ್ರ ನೋಡುತ್ತದೆ. ಯಂಗ್ ಬುಲ್ ಪಾತ್ರಕ್ಕೆ ಬಣ್ಣ ಬಳಿದು ನಿಲ್ಲಿಸಿದ್ದು ಆಗಿನ್ನೂ ಹೆಸರು ಮಾಡದಿದ್ದ ರಾಕ್ ಹಡ್ಸನ್ ಎಂಬ ಬಿಳಿಯ ನಟನನ್ನು. ಕಥೆ ನಡೆಯುವುದಕ್ಕೆ ಕೆಲವೇ ದಿನ ಮುಂಚೆ, 1876ರ ಜೂನ್ 25ರಂದು, ಲಿಟಲ್ ಬಿಗ್ ಹಾರ್ನ್ ನದಿಯ ಬಳಿ ಲಕೋಟಾ ಮತ್ತು ಶೆಯೆನ್ ಜನ ಜನರಲ್ ಕಸ್ಟರನ ಪಡೆಯನ್ನು ಸೋಲಿಸಿದ್ದರು. ಚಿತ್ರದಲ್ಲಿ ಆ ಸುದ್ದಿಯ ಮಾತು ಬರುತ್ತದೆ. ಒಂದೊಂದೇ ಗುಂಡು ತುಂಬಬೇಕಾದ ಸೈನ್ಯದ ಬಂದೂಕಿನ ಎದುರು ಒಂದಾದ ಮೇಲೊಂದು ಹಾರಿಸಬಲ್ಲ ಬಂದೂಕುಗಳು ಅವರ ಬಳಿ ಇದ್ದವೆಂದು ಲಿನ್ ವಿವರಿಸುತ್ತಾನೆ. ಆದರೆ ಅವರು ಯಾಕೆ ಕಾದಾಡಿದರು, ಯಾರ ನೆಲ ಯಾರು ಕಿತ್ತುಕೊಂಡರು ಎಂದು ಯಾರೂ ಕೇಳುವುದಿಲ್ಲ. ಒಬ್ಬ ಬಿಳಿಯನ ತಂದೆ ಸತ್ತರೆ ಅದು ಸೇಡಿನ ಕಥೆ. ಒಂದು ಜನಾಂಗವೇ ನೆಲ ಕಳೆದುಕೊಂಡರೆ ಅದು ಹಿನ್ನೆಲೆಯ ಗದ್ದಲ. ಸಮಾಜ ವಿಜ್ಞಾನವನ್ನೂ ಪಾಠ ಮಾಡುವ ನನಗೆ ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. “ಸಿನಿಮಾ ನೋಡ್ತೀಯೋ, ಪಾಠ ಮಾಡ್ತೀಯೋ?” ಎಂದರು ನಮ್ಮ ಮನೆಯವರು.

ಬಣ್ಣವಿಲ್ಲ ಎಂಬ ಕೊರತೆ ಒಮ್ಮೆಯೂ ಕಾಡಲಿಲ್ಲ. ಛಾಯಾಗ್ರಾಹಕ ವಿಲಿಯಂ ಡೇನಿಯಲ್ಸ್, ಗ್ರೆಟಾ ಗಾರ್ಬೋಳ ಮುಖವನ್ನು ಅಷ್ಟೊಂದು ಚಿತ್ರಗಳಲ್ಲಿ ಬೆಳಗಿಸಿದವರು. ಇಲ್ಲಿ ಅವರು ಬೆವರು, ಧೂಳು, ಕಲ್ಲುಬಂಡೆಗಳನ್ನು ಅಷ್ಟೇ ಶ್ರದ್ಧೆಯಿಂದ ತೋರಿಸಿದ್ದಾರೆ. ಬಣ್ಣವಿದ್ದರೆ ರಕ್ತ ಕೆಂಪಾಗುತ್ತಿತ್ತು, ಆಕಾಶ ನೀಲಿಯಾಗುತ್ತಿತ್ತು, ನಮ್ಮ ಕಣ್ಣು ಅಲ್ಲಿ ಇಲ್ಲಿ ಹೋಗುತ್ತಿತ್ತು. ಕಪ್ಪು ಬಿಳುಪಿನಲ್ಲಿ ಕಣ್ಣು ಮುಖವನ್ನು ಬಿಟ್ಟು ಹೋಗುವುದಿಲ್ಲ.

ಆ ಮುಖ ಸ್ಟುವರ್ಟರದು. ಅದಕ್ಕೆ ಮುಂಚೆ ಅವರದು ಸಾಧು ಮನುಷ್ಯನ ಮುಖ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದಲ್ಲಿ ಊರಿಗೆಲ್ಲ ಬೇಕಾದವನಾಗಿ ನಟಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮೇಲೆ ಬಾಂಬರ್ ವಿಮಾನ ಹಾರಿಸಿ ಬಂದವರು. ಆ ಸಾಧು ಮುಖ ಈ ಚಿತ್ರದಲ್ಲಿ ಒಂದು ಕಡೆ ಒಡೆಯುತ್ತದೆ. ಟಾಸ್ಕೋಸಾ ಎಂಬ ಊರಿನ ಹೆಂಡದಂಗಡಿಯಲ್ಲಿ ಲಿನ್‌ಗೆ ವೇಕೊ ಎದುರಾಗುತ್ತಾನೆ. ಡಚ್ ಎಲ್ಲಿದ್ದಾನೆ ಎಂದು ಕೇಳುತ್ತ ಲಿನ್ ಅವನ ಕೈಯನ್ನು ಹಿಂದಕ್ಕೆ ತಿರುಚಿ ಮುಖವನ್ನು ಕಟ್ಟೆಗೆ ಒತ್ತಿ ಹಿಡಿಯುತ್ತಾನೆ. ಆಗ ನಮಗೆ ಕಾಣುವುದು ನೋವಿನಲ್ಲಿರುವ ವೇಕೊನ ಮುಖಕ್ಕಿಂತ ನೋಯಿಸುತ್ತಿರುವ ಲಿನ್ನನ ಮುಖ. ಕಣ್ಣು ಅಗಲವಾಗಿ, ಹಲ್ಲು ಕಚ್ಚಿ, ಒಳಗೆ ಯಾರೂ ಇಲ್ಲದ ಮನೆಯ ಹಾಗೆ. ಅಲ್ಲಿಯವರೆಗೆ “ಹಿಡಿ, ಬಿಡಬೇಡ” ಎಂದು ಅವನ ಜೊತೆಗಿದ್ದ ನಾನು ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ.

ಹೈ ಸ್ಪೇಡ್ ಇದನ್ನು ಮೊದಲೇ ಕಂಡಿದ್ದ. ಅದಕ್ಕೆ ಮುಂಚೆ ದಾರಿಯಲ್ಲಿ ಒಂದು ಕಡೆ ಅವನು ಲಿನ್‌ನನ್ನು ಕೇಳುತ್ತಾನೆ: ಡಚ್‌ನನ್ನು ನೀನು ಹೀಗೆ ಬೆನ್ನಟ್ಟುತ್ತಿರುವುದನ್ನು ಕಂಡರೆ ನಿನ್ನಪ್ಪ ಏನೆಂದುಕೊಳ್ಳುತ್ತಿದ್ದರು? ಅಪ್ಪನಿಗೆ ಅರ್ಥವಾಗುತ್ತಿತ್ತು, ಬೇಟೆ ಕಲಿಸಿದವರೇ ಅವರು ಎನ್ನುತ್ತಾನೆ ಲಿನ್. ಮನುಷ್ಯರ ಬೇಟೆಯನ್ನಲ್ಲ ಎನ್ನುತ್ತಾನೆ ಗೆಳೆಯ. ನಿನಗೆ ಇದು ಹಿಡಿಸತೊಡಗಿದೆ ಎಂದೂ ಹೇಳುತ್ತಾನೆ. ಲಿನ್ ಅಲ್ಲಗಳೆಯುತ್ತಾನೆ.

ಇನ್ನು ಗುಟ್ಟು. ಡಚ್ ಹೆನ್ರಿಯ ನಿಜವಾದ ಹೆಸರು ಮ್ಯಾಥ್ಯೂ ಮೆಕ್‌ಆಡಂ. ಅವನು ಲಿನ್ನನ ಒಡಹುಟ್ಟಿದವನು. ದರೋಡೆ ಮಾಡಿ ಮನೆಗೆ ಬಂದ ಅವನಿಗೆ ತಂದೆ ಆಶ್ರಯ ಕೊಡಲಿಲ್ಲ. ಸ್ವಂತ ಅಪ್ಪನ ಬೆನ್ನಿಗೆ ಅವನು ಗುಂಡು ಹೊಡೆದ.

ಇದನ್ನು ಕೇಳಿದ ಮೇಲೆ ಚಿತ್ರದ ಮೊದಲಿನಿಂದ ಕಂಡದ್ದೆಲ್ಲ ಬೇರೆಯಾಗುತ್ತದೆ. ಇಬ್ಬರೂ ಒಂದೇ ರೀತಿ ಬಗ್ಗಿ ಸೊಂಟಕ್ಕೆ ಕೈ ಹಾಕಿದ್ದು ಯಾಕೆ? ಗುರಿಯ ಸ್ಪರ್ಧೆಯಲ್ಲಿ ಸುತ್ತು ಸುತ್ತಿಗೂ ಇಬ್ಬರ ಗುಂಡೂ ಒಂದೇ ಕಡೆ ಬಿದ್ದದ್ದು ಯಾಕೆ? ಕಲಿಸಿದ ಕೈ ಒಂದೇ. ಅಪ್ಪ ಇಬ್ಬರಿಗೂ ಒಂದೇ ವಿದ್ಯೆ ಕೊಟ್ಟಿದ್ದ. ಅದನ್ನು ಹಿಡಿದುಕೊಂಡೇ ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದಾರೆ. ಆ ಅಪ್ಪ ಜೀವಂತವಾಗಿ ತೆರೆಗೆ ಬರುವುದೇ ಇಲ್ಲ. ಅವನ ಹೆಸರಿನಲ್ಲಿ ಎಲ್ಲವೂ ನಡೆಯುತ್ತದೆ.

ನನ್ನ ಕಥೆಯನ್ನು ಇಲ್ಲಿ ಚಿಕ್ಕದಾಗಿ ಹೇಳದೆ ನಿರ್ವಾಹವಿಲ್ಲ. ನಾನೂ ನನ್ನ ಅಣ್ಣನೂ ಅಕ್ಷರ ಕಲಿತದ್ದು ಅಪ್ಪನ ಕೈಯಲ್ಲಿ. ಸಂಜೆ ಜಗಲಿಯ ಮೇಲೆ ಒಂದೇ ಸ್ಲೇಟು, ಒಂದು ಬದಿ ಅವನಿಗೆ, ಇನ್ನೊಂದು ಬದಿ ನನಗೆ. ಇವತ್ತಿಗೂ ನಮ್ಮಿಬ್ಬರ ಬರವಣಿಗೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. 2011ರಲ್ಲಿ ಅಪ್ಪ ಹೋದರು. ಮರುವರ್ಷ ಅಣ್ಣ, ತೋಟದ ಮೇಲೆ ಸಾಲ ತೆಗೆಯಲು ನಿನ್ನ ಸಹಿಯೂ ಬೇಕಂತೆ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಮೂವತ್ತು ವರ್ಷದಿಂದ ಹೇಳುತ್ತಿರುವ ನಾನು ಒಂದು ಸಲವೂ ಓದದೆ ಸಹಿ ಹಾಕಿದೆ. ಅಣ್ಣ ತೋರಿಸಿದ ಕಡೆ ಓದುವುದೇನು? ಅದು ಹಕ್ಕು ಬಿಡುಗಡೆ ಪತ್ರ ಎಂದು ಗೊತ್ತಾದದ್ದು 2015ರಲ್ಲಿ, ತೋಟದ ಒಂದು ಭಾಗ ಮಾರಾಟವಾದಾಗ. ಮರುವರ್ಷ ದಾವೆ ಹಾಕಿದೆ. ಅಂದಿನಿಂದ ಅಣ್ಣನೊಡನೆ ಮಾತಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಒಂದೇ ರೀತಿ ಮುಖ ತಿರುಗಿಸುತ್ತೇವೆ.

ಮೊದಮೊದಲು ನನಗೆ ಬೇಕಿದ್ದುದು ಪಾಲು. ಆಮೇಲಾಮೇಲೆ ಏನು ಬೇಕಾಗಿತ್ತು ಎಂದು ಹೇಳಲು ಸಂಕೋಚವಾಗುತ್ತದೆ. ವಾಯಿದೆಯ ದಿನ ಅಣ್ಣನ ಮುಖ ಬಾಡಿದ್ದರೆ ಅವತ್ತು ರಾತ್ರಿ ನನಗೆ ಊಟ ಸೇರುತ್ತಿತ್ತು. ಅವನ ತೋಟದ ಕೊಳವೆ ಬಾವಿ ಬತ್ತಿತೆಂದು ಯಾರೋ ಹೇಳಿದಾಗ ಅಯ್ಯೋ ಎಂದೆ, ಒಳಗೆ ಹಾಗೆ ಅನ್ನಿಸಿರಲಿಲ್ಲ. ಯಾರಾದರೂ ಕೇಳಿದರೆ, ಅಪ್ಪನಿದ್ದರೆ ನನ್ನ ಪರವಾಗಿ ನಿಲ್ಲುತ್ತಿದ್ದರು ಎನ್ನುತ್ತಿದ್ದೆ. ಲಿನ್ ಹೇಳಿದ ಮಾತೂ ಅದೇ ಅಲ್ಲವೆ? ಅಪ್ಪನಿಗೆ ಅರ್ಥವಾಗುತ್ತಿತ್ತು ಎಂದು. ನನಗೆ ರುಚಿ ಹತ್ತಿದೆ ಎಂದು ಹೇಳಲು ಒಬ್ಬ ಹೈ ಸ್ಪೇಡ್ ಇರಲಿಲ್ಲ. ಇದ್ದಿದ್ದರೂ ನಾನು ಅಲ್ಲಗಳೆಯುತ್ತಿದ್ದೆ.

ಕೊನೆಯ ಕಾಳಗ ಬಂಡೆಗಳ ನಡುವೆ. ಮೇಲೆ ಡಚ್, ಅವನ ಕೈಯಲ್ಲಿ ಸಾವಿರದಲ್ಲಿ ಒಂದಾದ ಬಂದೂಕು. ಕೆಳಗೆ ಲಿನ್, ಕೈಯಲ್ಲಿ ತನ್ನ ಮಾಮೂಲಿ ಬಂದೂಕು. ಬಂಡೆಗೆ ಬಡಿದ ಗುಂಡುಗಳ ಸದ್ದು, ಚೂರಾಗಿ ಹಾರುವ ಕಲ್ಲು. ಅಪೂರ್ವವಾದ ಆಯುಧ ಡಚ್‌ನನ್ನು ಉಳಿಸುವುದಿಲ್ಲ. ಲಿನ್ ಗೆಲ್ಲುತ್ತಾನೆ. ಗೆದ್ದು ಬಂದವನನ್ನು ನೋಡಬೇಕು ನೀವು. ಕುದುರೆಯ ಮೇಲೆ ಬಾಗಿ ಕೂತು ಮರಳುತ್ತಾನೆ. ಲೋಲಾ ಅವನನ್ನು ತಬ್ಬಿಕೊಳ್ಳುತ್ತಾಳೆ. ಅವನ ಮುಖದಲ್ಲಿ ಸಂತೋಷ ಇಲ್ಲ, ಸಮಾಧಾನವೂ ಇಲ್ಲ. ಆಸ್ಪತ್ರೆಯಿಂದ ಹೊರಗೆ ಬಂದವನ ಆಯಾಸ ಮಾತ್ರ ಇದೆ. ಆಮೇಲೆ ಕ್ಯಾಮರಾ ಬಂದೂಕಿನ ಹತ್ತಿರ ಹೋಗಿ ನಿಲ್ಲುತ್ತದೆ. ಅದರ ಮೇಲೆ ಯಾರ ಹೆಸರೂ ಇಲ್ಲ.

ಈ ಚಿತ್ರದ ದೊಡ್ಡತನ ಇಲ್ಲಿದೆ ಎಂದು ನನಗನ್ನಿಸುತ್ತದೆ. ಸೇಡಿನ ಸುಖವನ್ನು ಅದು ನಮಗೆ ಕೊಡುತ್ತದೆ, ಕಡಿಮೆ ಮಾಡುವುದಿಲ್ಲ. ಸೇಡು ಕೆಟ್ಟದ್ದು ಎಂದು ಉಪದೇಶ ಮಾಡುವುದೂ ಇಲ್ಲ. ಡಚ್ ಮಾಡಿದ್ದು ಘೋರ ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮನ್ನು ಅಷ್ಟು ದೂರ ಓಡಿಸಿಕೊಂಡು ಹೋಗಿ, ದಾರಿಯ ಕೊನೆಯಲ್ಲಿ ನಿಂತಿರುವವನ ಕೈ ನಮ್ಮ ಕೈಯಂತೆಯೇ ಇದೆ ಎಂದು ತೋರಿಸುತ್ತದೆ.

ನಾನಿರುವುದು ಚನ್ನರಾಯಪಟ್ಟಣದಲ್ಲಿ. ವರ್ಷಕ್ಕೊಮ್ಮೆ ಮಕ್ಕಳನ್ನು ಹತ್ತಿರದ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಈ ಚಿತ್ರ ನೋಡಿ ತಿಂಗಳಾಗಿತ್ತು. ಬೆಟ್ಟ ಹತ್ತಿ ಮೇಲೆ ನಿಂತು, ಎಂದಿನಂತೆ ಭರತ ಬಾಹುಬಲಿಯರ ಕಥೆ ಹೇಳತೊಡಗಿದೆ. ಪಂಪ 941ರಲ್ಲಿ ‘ಆದಿಪುರಾಣ’ದಲ್ಲಿ ಹೇಳಿದ ಕಥೆ. ಒಂದೇ ತಂದೆಯ ಮಕ್ಕಳು, ತಂದೆ ಬಿಟ್ಟುಹೋದ ನೆಲಕ್ಕಾಗಿ ಎದುರುಬದುರಾಗುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ತಮ್ಮನೇ ಗೆಲ್ಲುತ್ತಾನೆ. ಸೋತ ಅಣ್ಣ ತನ್ನ ಚಕ್ರರತ್ನವನ್ನೇ ತಮ್ಮನ ಮೇಲೆ ಬಿಡುತ್ತಾನೆ. ಅದೂ ಸಾವಿರದಲ್ಲಿ ಒಂದಾದ ಆಯುಧವೇ. ಆದರೆ ಆ ಚಕ್ರ ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತುಬಿಡುತ್ತದೆ, ಒಡಹುಟ್ಟಿದವನನ್ನು ಕೊಲ್ಲುವುದಿಲ್ಲ. ಹೇಳುತ್ತ ಹೇಳುತ್ತ ನನಗೆ ಮಾತು ನಿಂತಿತು. ನಮ್ಮ ಕವಿ ಆಯುಧಕ್ಕೆ ಕೊಟ್ಟ ವಿವೇಕವನ್ನು ಆ ಕಡೆಯವರು ಆಯುಧಕ್ಕೆ ಕೊಡಲಿಲ್ಲ. ವಿಂಚೆಸ್ಟರ್ ಬಂದೂಕಿಗೆ ಯಾರು ಯಾರ ಮಗ ಎಂದು ಗೊತ್ತಿಲ್ಲ. ಯಾರು ಒತ್ತಿದರೂ ಹಾರುತ್ತದೆ. ಹೊಸ ಕಾಲದ ಕಥೆ, ಹೊಸ ಕಾಲದ ಆಯುಧ. ವಿವೇಕ ಇದ್ದರೆ ಮನುಷ್ಯನಲ್ಲೇ ಇರಬೇಕು.

“ಮಿಸ್, ಗೆದ್ದ ಮೇಲೂ ಬಾಹುಬಲಿ ಯಾಕೆ ಬಿಟ್ಟುಬಿಟ್ಟ?” ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಎಂದಿನ ಉತ್ತರ ಹೇಳಲು ಬಾಯಿ ಬರಲಿಲ್ಲ. ನೀನೂ ನಾಳೆ ಬಿಟ್ಟುಕೊಡು ಎಂದು ಆ ಹುಡುಗಿಗೆ ನಾನು ಹೇಳಲಾರೆ. ನಮ್ಮ ಹೆಣ್ಣುಮಕ್ಕಳು ಗೆಲ್ಲುವುದಕ್ಕೆ ಮೊದಲೇ ಬಿಟ್ಟವರು. ಮಗಳಿಗೂ ಮಗನಷ್ಟೇ ಹಕ್ಕು ಎಂದು ದೇಶದ ಕಾನೂನು ಹೇಳಿದ್ದೇ 2005ರಲ್ಲಿ. ಅದಕ್ಕೇ “ಅವನು ಗೆದ್ದು ಬಿಟ್ಟ, ನೋಡು. ಮೊದಲು ಗೆದ್ದ” ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಬರೆದುಕೊಂಡಳು.

ಆ ವಾರವೇ ಅಂಚೆಯಲ್ಲಿ ಒಂದು ಲಕೋಟೆ ಬಂತು. ಮೇಲಿನ ವಿಳಾಸ ನನ್ನದೇ ಬರಹ! ನನಗೆ ನಾನೇ ಕಾಗದ ಬರೆದುಕೊಂಡೆನೇ ಎಂದು ಒಂದು ಕ್ಷಣ ದಂಗಾದೆ. ಅಣ್ಣನ ಮಗಳ ಮದುವೆಯ ಕರೆಯೋಲೆ.

ಆ ರಾತ್ರಿ ಚಿತ್ರವನ್ನು ಇನ್ನೊಮ್ಮೆ ನೋಡಿದೆ, ಒಬ್ಬಳೇ. ಈ ಸಲ ಬಂದೂಕು ಯಾರ ಕೈಯಲ್ಲಿದೆ ಎಂದು ನೋಡಲಿಲ್ಲ, ಲಿನ್ನನ ಮುಖವನ್ನೇ ನೋಡುತ್ತ ಕೂತೆ. ಹಕ್ಕು ಬೇರೆ, ಹಗೆ ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಇಷ್ಟು ವರ್ಷ ಹೊತ್ತಿದ್ದೇನೆ ಎಂದು ಆಗ ತಿಳಿಯಿತು. ದಾವೆಗೆ ಬೇಕಾದದ್ದು ಹಕ್ಕು ಮಾತ್ರ. ಇನ್ನೊಂದನ್ನು ನ್ಯಾಯಾಧೀಶರು ಕೇಳಿಲ್ಲ, ವಕೀಲರೂ ಕೇಳಿಲ್ಲ.

ಮದುವೆಗೆ ಹೋಗಿಬಂದೆ. ಅಣ್ಣನ ತಲೆ ಪೂರ್ತಿ ಬೆಳ್ಳಗಾಗಿದೆ. “ಬಂದ್ಯಾ?” ಎಂದ. “ಬಂದೆ” ಎಂದೆ. ಅದಕ್ಕಿಂತ ಹೆಚ್ಚು ಮಾತಾಗಲಿಲ್ಲ. ಹುಡುಗಿಗೆ ಸೀರೆ ಕೊಟ್ಟು, ಅಕ್ಷತೆ ಹಾಕಿ, ಊಟ ಮಾಡಿಕೊಂಡು ಸಂಜೆಯ ಬಸ್ಸು ಹಿಡಿದೆ. ದಾವೆಯನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಮುಂದಿನ ವಾಯಿದೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಅವತ್ತು ಅಣ್ಣನ ಮುಖ ಹೇಗಿದೆ ಎಂದು ನೋಡುವ ಆತುರ ಮಾತ್ರ ಈಗ ಅಷ್ಟಾಗಿ ಇಲ್ಲ.